ಮೊಸರಿನ ಕುಡಿಕೆಗೆ ಕಟ್ಟಿದ ಗೂಡು

ಧನುರ್ಮಾಸದ ಒಂದು ಭಾನುವಾರ, ಬೆಳಗ್ಗೆ ಆರೂವರೆ. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಎದ್ದಿದ್ದವಳು ನಾನೊಬ್ಬಳೇ. ಮಗ ಮೋಹನ, ಸೊಸೆ ಶೋಭಾ ಇಬ್ಬರಿಗೂ ರಜೆ. ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಬೆಟ್ಟದ ಕಡೆಯಿಂದ ಇಳಿದ ಮಂಜು ಗೇಟಿನವರೆಗೂ ಬಂದು ನಿಂತಿತ್ತು. ಎದ್ದು ಮುಖ ತೊಳೆದು ನಾನು ಮಾಡುವ ಮೊದಲ ಕೆಲಸ, ಹಿಂದಿನ ದಿನ ಹೆಪ್ಪು ಹಾಕಿಟ್ಟ ಮೊಸರಿನ ಮುಚ್ಚಳ ತೆಗೆದು ನೋಡುವುದು. ತೆಗೆದೆ. ಚಮಚ ಇಟ್ಟರೆ ಕಡಿದ ಹಾಗೆ ಬರುವಂಥ ಗಟ್ಟಿ ಮೊಸರು. ಇಂಥ ಚಳಿಯಲ್ಲೂ ನನ್ನ ಕೈ ತಪ್ಪಿಲ್ಲ ಎಂದು ಸಮಾಧಾನವಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು, ನಡುಮನೆಯ ಬಾಗಿಲ ಹಿಂದಿದ್ದ ಯುಪಿಎಸ್ ಕೀಚ್ ಕೀಚ್ ಎನ್ನತೊಡಗಿತು. ಮನೆ ಗುಡಿಸಿ ಒರೆಸುವಾಗ ನಾನು ಮುಟ್ಟದಿರುವ ಜಾಗ ಅದೊಂದೇ. ಶಾಕ್ ಹೊಡೆಯುತ್ತದೆ ಎಂದು ಮೋಹನ ಹೆದರಿಸಿ ಇಟ್ಟಿದ್ದಾನೆ. ಏನಾಯಿತೆಂದು ಬಗ್ಗಿ ನೋಡಿದೆ. ಅದರ ತಲೆಯ ಮೇಲೆ ದಪ್ಪ ಧೂಳು, ಧೂಳಿನ ನಡುವೆ ದುಂಡಗೆ ಒಂದು ಪಾತ್ರೆಯ ಅಚ್ಚು, ಅಚ್ಚಿನ ಅಂಚಿನಲ್ಲಿ ಒಣಗಿದ ಒಂದು ಬಿಳಿ ಹನಿ.

ಅಡುಗೆಮನೆಗೆ ಹೋಗಿ ಮೊಸರಿನ ಪಾತ್ರೆ ತಂದು ಅಚ್ಚಿನ ಮೇಲಿಟ್ಟೆ. ಸರಿಯಾಗಿ ಕೂತಿತು. ಯುಪಿಎಸ್ ಯಾವಾಗಲೂ ಬೆಚ್ಚಗಿರುತ್ತದೆ. ಒಲೆಯ ಕಟ್ಟೆಯ ಮೇಲೆ ನಾನು ಹೆಪ್ಪು ಹಾಕಿಟ್ಟ ಪಾತ್ರೆ ನಾನು ಮಲಗಿದ ಮೇಲೆ ಇಲ್ಲಿಗೆ ಬರುತ್ತಿದೆ. ನಾನು ಏಳುವ ಮುಂಚೆ ಕಟ್ಟೆಗೆ ಹಿಂತಿರುಗುತ್ತಿದೆ. ಅಂದರೆ ಶೋಭಾ ನನಗಿಂತ ಮೊದಲು ಎದ್ದು, ಪಾತ್ರೆ ಸಾಗಿಸಿ, ಮತ್ತೆ ಹೋಗಿ ಮಲಗುತ್ತಿದ್ದಾಳೆ. ಕಾರ್ತಿಕದಲ್ಲಿ ಚಳಿ ಶುರುವಾದಾಗ ಮೊಸರು ಮೇಲಿಂದ ಮೇಲೆ ಕೆಟ್ಟಿತ್ತು. ಒಂದು ದಿನ ಹಾಲು ಹಾಲಾಗಿಯೇ ಉಳಿಯಿತು, ಇನ್ನೊಂದು ದಿನ ಲೋಳೆಯಾಗಿ ಚಮಚದಿಂದ ದಾರದ ಹಾಗೆ ಇಳಿಯಿತು. ಆಗ ಶೋಭಾ ಮೆತ್ತಗೆ ಹೇಳಿದ್ದಳು.

"ಅತ್ತೆ, ಒಂದು ಕರ್ಡ್ ಮೇಕರ್ ತಗೊಂಬಿಡಣ. ಚಳಿಗಾಲ ಒಂದು ಕಳೆದ್ರೆ ಸಾಕಲ್ವಾ?"

"ನನ್ನ ಕೈ ಇರೋವರೆಗೂ ಈ ಮನೇಲಿ ಮೊಸರಿಗೆ ಮಿಷನ್ ಬೇಡಮ್ಮ."

ಅದರ ಮುಂದಿನ ವಾರದಿಂದ ಮೊಸರು ಚೆನ್ನಾಗಿ ಬರತೊಡಗಿತು. ನಾನು ಗೆದ್ದೆ ಅಂದುಕೊಂಡಿದ್ದೆ. ಗೆಲ್ಲಬೇಕಾದ ಕಾರಣವೂ ಇತ್ತು. ಅಡುಗೆ ಶೋಭಾಳ ಕೈಗೆ ಹೋಗಿ ಬಹಳ ಕಾಲವಾಯಿತು. ಆ ಅಡುಗೆಮನೆಯಲ್ಲಿ ನನ್ನದು ಎಂದು ಉಳಿದಿರುವ ಕೆಲಸ ಹೆಪ್ಪು ಹಾಕುವುದೊಂದೇ. ಅದೂ ನನ್ನದಲ್ಲವೆಂದು ಆ ಧೂಳು ಹೇಳುತ್ತಿತ್ತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಾಗಿಲ ಹಿಂದೆ ಪಾತ್ರೆ ಹಿಡಿದು ನಿಂತ ನನಗೆ ಇನ್ನೊಂದು ಬಾಗಿಲು, ಇನ್ನೊಂದು ಕುಡಿಕೆ ನೆನಪಾಯಿತು.

ಚಿಂತಾಮಣಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಾಗ ಗಂಟೆ ಹೊಡೆದ ಕೂಡಲೇ ಎಲ್ಲರೂ ಸಾಲಾಗಿ ನಿಲ್ಲಬೇಕಿತ್ತು. ಈ ಶಿಸ್ತು ಎಲ್ಲಿಂದ ಬಂತು ಮೇಡಂ ಎಂದು ಕೇಳಿದವರಿಗೆ ನಾನು ಹುಳದಿಂದ ಎಂದು ಉತ್ತರ ಹೇಳಿದರೆ ನಗುತ್ತಿದ್ದರು. ನಿಜ ಅದೇ. ಜಂಗಮಕೋಟೆ ಹತ್ತಿರದ ನಮ್ಮ ಊರಿನಲ್ಲಿ ರೇಷ್ಮೆ ಹುಳು ಸಾಕದ ಮನೆ ಇರಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡ ಕೋಣೆ ಯಾವುದೋ ಅದು ಹುಳುಗಳದು. ಉಳಿದ ಜಾಗದಲ್ಲಿ ನಾವು. ಆ ಕೋಣೆಯನ್ನು ಹುಳುಮನೆ ಅನ್ನುತ್ತಿದ್ದೆವು. ಬಿದಿರಿನ ಅಗಲ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಂಡುಗಳು, ಇರುವೆ ಹತ್ತದಂತೆ ಅವುಗಳ ಕಾಲಡಿ ನೀರು ತುಂಬಿದ ಬಟ್ಟಲುಗಳು. ಬಟ್ಟಲುಗಳಿಗೆ ನೀರು ತುಂಬುವುದು ನನ್ನ ಕೆಲಸ. ಸೊಪ್ಪು ಹಾಕುವ ಹೊತ್ತು ಒಂದಿಷ್ಟು ಹಿಂದೆ ಮುಂದೆ ಆಗುವ ಹಾಗಿಲ್ಲ. ಮನುಷ್ಯರ ಊಟ ತಡವಾದರೂ ಹುಳುವಿನ ಊಟ ತಡವಾಗಬಾರದು. ಕೈಕಾಲು ತೊಳೆಯದೆ ಹೊಸಲು ದಾಟಬಾರದು. ಹುಳು ದೊಡ್ಡದಾದ ಮೇಲೆ ಸಾಸಿವೆ ಒಗ್ಗರಣೆಯ ಘಾಟು ಕೂಡ ಆಗದು ಎಂದು ಅಮ್ಮ ಹಿತ್ತಿಲಿನಲ್ಲಿ ಮೂರು ಕಲ್ಲು ಇಟ್ಟು ಒಗ್ಗರಣೆ ಹಾಕಿ ತರುತ್ತಿದ್ದಳು. ಇಷ್ಟು ಕಟ್ಟುಪಾಡುಗಳ ಮೇಲೆ ಅಪ್ಪನ ತಾಯಿ, ನಮ್ಮ ಅಜ್ಜಿ, ತನ್ನದೇ ಒಂದನ್ನು ಸೇರಿಸಿದ್ದಳು.

"ಹುಳ ಉಣ್ಣೋ ಮನೆ ಒಳಕ್ಕೆ ಮನುಷ್ಯರು ಉಣ್ಣೋದು ಏನೂ ಹೋಗ್ಬಾರ್ದು. ಒಂದು ಹಿಡಿ ಕಳ್ಳೆಕಾಯಿ ಕೂಡ. ಅವು ನಮ್ಮ ಎಂಜಲು ತಿಂದ್ರೆ ನಾವು ಅವುಗಳ ಎಂಜಲು ತಿಂದಂಗೆ."

ಇದರ ಅರ್ಥ ಯಾರಿಗೂ ಆಗಿರಲಿಲ್ಲ, ಆದರೆ ಮೀರಿದವರೂ ಇರಲಿಲ್ಲ. ಜೇಬಿನಲ್ಲಿ ಹುರಿಗಡಲೆ ಇಟ್ಟುಕೊಂಡು ಒಳಗೆ ಹೋದನೆಂದು ಅಪ್ಪನನ್ನೇ ಅಂಗಳದಲ್ಲಿ ನಿಲ್ಲಿಸಿ ಜೇಬು ಹೊರಗೆ ತೆಗೆಸಿದ್ದಳು. ಅಪ್ಪನಿಗೆ ಆಗ ಮೂರು ಮಕ್ಕಳು.

ಮನೆಯ ಮೊಸರು ಅಜ್ಜಿಯದು. ಬೆಳಗಿನ ಹಾಲು ಡೈರಿಗೆ ಹೋಗುತ್ತಿತ್ತು. ಸಂಜೆ ಹಾಲಿನಲ್ಲಿ ಒಂದು ಪಾಲು ಮನೆಗೆ. ಅದನ್ನು ಕಾಯಿಸುವುದು ಅಮ್ಮ, ಆರಿಸಿ ಹೆಪ್ಪು ಹಾಕುವುದು ಅಜ್ಜಿ. ಸಂಜೆ ದೀಪ ಹಚ್ಚಿದ ಮೇಲೆ ಮಣೆ ಹಾಕಿಕೊಂಡು ಕೂತು, ಮಣ್ಣಿನ ಕುಡಿಕೆಗೆ ಹಾಲು ಬಗ್ಗಿಸಿ, ಕಿರುಬೆರಳು ಅದ್ದುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನನ್ನ ಬೆರಳನ್ನೂ ಅದ್ದಲು ಹೋದರೆ ಕೈಗೆ ಒಂದು ಪೆಟ್ಟು.

"ಬೆರಳು ಹಾಯ್ ಅನ್ಬೇಕು, ಹಾ ಅನ್ಬಾರ್ದು. ಆವಾಗ ಹೆಪ್ಪು. ತಿಳೀತಾ?"

ಬೆರಳು ಹಾಯ್ ಅಂದ ಮೇಲೆ ಹಿಂದಿನ ದಿನದ ಮೊಸರಿನಿಂದ ಒಂದು ಚಮಚ ತೆಗೆದು ಹಾಲಿಗೆ ಬಿಟ್ಟು, ಎಡದಿಂದ ಬಲಕ್ಕೆ ತಿರುಗಿಸಿ, ಬಾಯಿಗೆ ಬಟ್ಟೆ ಕಟ್ಟಿ ಮೂಲೆಯ ಸಿಂಬಿಯ ಮೇಲೆ ಇಡುತ್ತಿದ್ದಳು. ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲಿ ಮೊಸರು ಕೆಟ್ಟರೂ ಬಟ್ಟಲು ಹಿಡಿದುಕೊಂಡು ಹೆಪ್ಪಿಗೆ ಬರುವುದು ಅಜ್ಜಿಯ ಹತ್ತಿರವೇ. ಆ ಹೊತ್ತಿಗೆ ಅಜ್ಜಿ ಸೊಂಟ ನೆಟ್ಟಗೆ ಮಾಡಿಕೊಂಡು ಹೊರಗೆ ಬರುವ ಠೀವಿಯನ್ನು ಆಮೇಲೆ ನಾನು ದೊಡ್ಡ ಆಫೀಸರುಗಳಲ್ಲೂ ನೋಡಿಲ್ಲ.

ಒಂದು ಚಳಿಗಾಲದಲ್ಲಿ ಆ ಮೊಸರು ಕೈಕೊಟ್ಟಿತು. ಒಂದು ದಿನ ನೀರು, ಮಾರನೇ ದಿನ ಲೋಳೆ. ಅಜ್ಜಿ ಮೊದಲು ಹಸುವನ್ನು ಬೈದಳು, ಆಮೇಲೆ ಕುಡಿಕೆ ಬದಲಾಯಿಸಿದಳು, ಕೊನೆಗೆ ತಪ್ಪು ಅಮ್ಮನ ಮೇಲೆ ಬಂತು.

"ಹಾಲು ಕಾಯ್ಸೋಳ ಮನಸು ಎಲ್ಲೋ ಇದ್ರೆ ಮೊಸರು ಎಲ್ಲಿಂದ ಕಟ್ಟೀತು?"

ಅಪ್ಪ ಸುಮ್ಮನಿರಬೇಕಿತ್ತು, ಇರಲಿಲ್ಲ. ಅವರೆಕಾಳು ಸಾರು, ಮುದ್ದೆ ಆದ ಮೇಲೆ ಅನ್ನಕ್ಕೆ ಮೊಸರು ಬಿಟ್ಟುಕೊಳ್ಳುವಾಗ ತಟ್ಟೆಯನ್ನು ಬಾಗಿಸಿ ತೋರಿಸಿದ.

"ಏನಮ್ಮಾ, ಇದನ್ನ ಕಲಸ್ಕೊಂಡು ತಿನ್ಬೇಕಾ, ಎತ್ಕೊಂಡು ಕುಡೀಬೇಕಾ?"

ಅಜ್ಜಿ ತನ್ನ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದುಬಿಟ್ಟಳು. ಅವಳಿಗೆ ಮೊಸರನ್ನವಿಲ್ಲದೆ ಊಟ ಮುಗಿಯುತ್ತಿರಲಿಲ್ಲ. ಬೇರೆ ಮನೆಯ ಮೊಸರು ಅವಳು ಮುಟ್ಟುತ್ತಿರಲಿಲ್ಲ. ಹಾಗಾಗಿ ಮೊಸರು ಕೆಟ್ಟ ದಿನ ಅಜ್ಜಿ ಅರೆಹೊಟ್ಟೆ. ಬೆಳಗ್ಗೆ ಎದುರುಮನೆಯ ಮುನಿಯಮ್ಮ ಬಟ್ಟಲು ಹಿಡಿದು ಬಂದಾಗ ಕೊಡಲು ಹೆಪ್ಪೇ ಇಲ್ಲ. ಇಲ್ಲ ಎಂದು ಹೇಳುವ ನಾಲಿಗೆ ಅಜ್ಜಿಗೆ ಇರಲಿಲ್ಲ.

"ಇವತ್ತು ಸೋಮವಾರ ಕಣೇ. ಸೋಮವಾರ ಹೆಪ್ಪು ಕೊಡಬಾರ್ದು. ಅಷ್ಟೂ ಗೊತ್ತಿಲ್ವಾ?"

"ಹೌದಾ ದೊಡ್ಡಮ್ಮ? ನಮ್ಮತ್ತೆ ಹೇಳಿರ್ಲಿಲ್ಲ."

"ನಿಮ್ಮತ್ತೆ ಏನು ಹೇಳಿದ್ದಾಳೆ ನಿಂಗೆ?"

ಮುನಿಯಮ್ಮ ಹೆದರಿ ಹಿಂದಿರುಗಿದಳು. ಆ ಕಟ್ಟಳೆ ಅವತ್ತೇ ಹುಟ್ಟಿದ್ದು, ನಾನು ಕಣ್ಣಾರೆ ಕಂಡಿದ್ದೇನೆ. ಇವತ್ತಿಗೂ ನಮ್ಮ ಕೇರಿಯಲ್ಲಿ ಸೋಮವಾರ ಯಾರೂ ಯಾರಿಗೂ ಹೆಪ್ಪು ಕೊಡುವುದಿಲ್ಲ. ಹೋದ ವರ್ಷ ಊರಿಗೆ ಹೋದಾಗ ಒಬ್ಬ ಹುಡುಗಿ, ಇದು ಶಿವನಿಗೆ ಸಂಬಂಧಪಟ್ಟಿದ್ದು ಆಂಟಿ ಎಂದು ನನಗೇ ತಿಳಿಸಿ ಹೇಳಿದಳು.

ಕಾರಣ ಮೊದಲು ಕಂಡುಹಿಡಿದವಳು ಅಮ್ಮ. ಒಂದು ಸಂಜೆ ಹಾಲು ಇನ್ನೂ ಹೊಗೆಯಾಡುತ್ತಿತ್ತು. ಅಜ್ಜಿ ಕಿರುಬೆರಳು ಅದ್ದಿ, ಹಾಗೇ ಇಟ್ಟುಕೊಂಡು, ಯೋಚಿಸುತ್ತಾ ಕೂತಳು. ಬೆರಳು ಕೆಂಪಾದರೂ ಅವಳ ಮುಖದಲ್ಲಿ ಒಂದು ಸುಕ್ಕು ಕದಲಲಿಲ್ಲ. ಇನ್ನೊಂದು ಸಂಜೆ ಹಾಲು ತಣ್ಣಗೆ ಆರಿಹೋಗಿತ್ತು. ಆಗಲೂ ಅದ್ದಿ, ಸರಿ ಎಂದು ತಲೆದೂಗಿದಳು. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತಿ ಇಡುವುದನ್ನು ಅಜ್ಜಿ ತನ್ನ ಗಟ್ಟಿತನ ಎಂದು ಹೇಳಿಕೊಳ್ಳುತ್ತಿದ್ದಳು. ಅಮ್ಮ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಳು. ಬೆರಳಿಗೆ ಬಿಸಿ ತಿಳಿಯುತ್ತಿಲ್ಲ. ಬಾಯಿಬಿಟ್ಟು ಹೇಳಿದರೆ ಅತ್ತೆಯ ಕೈಯಿಂದ ಕುಡಿಕೆ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಅತ್ತೆ ಉಪವಾಸ.

ಅಮ್ಮ ಒಂದು ದಾರಿ ಹುಡುಕಿದಳು. ಹುಳುಮನೆಯಲ್ಲಿ ಚಳಿಗಾಲವಿಡೀ ಇದ್ದಿಲ ಕುಂಪಟಿ ಉರಿಯುತ್ತಿತ್ತು. ಊರೆಲ್ಲ ನಡುಗುವಾಗಲೂ ಆ ಕೋಣೆ ಹಿತವಾಗಿ ಬೆಚ್ಚಗಿರುತ್ತಿತ್ತು. ಹಾಲು ಹೊಗೆಯಾಡುತ್ತಿದ್ದ ದಿನ, ಹೆಪ್ಪು ಬೀಳುವ ಮುಂಚೆ ಏನಾದರೂ ನೆಪ ಹೇಳಿ ಅಜ್ಜಿಯನ್ನು ಎಬ್ಬಿಸಿ ಹಾಲು ಆರುವಂತೆ ನೋಡಿಕೊಳ್ಳುತ್ತಿದ್ದಳು; ಹಸು ಯಾಕೋ ಕೂಗ್ತು ಅತ್ತೆ ಅಂದರೆ ಸಾಕು. ತಣ್ಣಗಾಗಿದ್ದ ದಿನ, ಅಜ್ಜಿ ಕಂಬಳಿ ಹೊದ್ದ ಮೇಲೆ, ಸೊಪ್ಪಿನ ಬುಟ್ಟಿಯೊಳಗೆ ಕುಡಿಕೆ ಇಟ್ಟು, ಮೇಲೆ ಸೊಪ್ಪು ಮುಚ್ಚಿ, ಹುಳುಗಳಿಗೆ ರಾತ್ರಿಯ ಕೊನೆ ಸೊಪ್ಪು ಹಾಕಲು ಹೋಗುತ್ತಿದ್ದಳು. ಬಾಗಿಲು ತೆಗೆಯಲು ನಾನು. ಸ್ಟ್ಯಾಂಡಿನ ಕೆಳಗೆ, ಕುಂಪಟಿಯಿಂದ ತುಸು ದೂರದಲ್ಲಿ ಕುಡಿಕೆ ಕೂರುತ್ತಿತ್ತು. ಮೊದಲ ದಿನ ನನ್ನ ಕಣ್ಣು ಅಗಲವಾದದ್ದು ನೋಡಿ ಅಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಅಮ್ಮಾ, ಮನುಷ್ಯರು ಉಣ್ಣೋದು..."

"ಶ್! ಹುಳಕ್ಕೆ ಕಿವಿ ಐತೆ. ಹೋಗಿ ಅಜ್ಜಿಗೆ ಹೇಳ್ಬಿಟ್ರೆ ಏನು ಮಾಡ್ತೀಯ?"

ನಾನು ಬಹಳ ದಿನ ಹುಳುಗಳ ಹತ್ತಿರ ಪಿಸುಮಾತಿನಲ್ಲೇ ಮಾತಾಡಿದೆ. ಬೆಳಗ್ಗೆ ಅಜ್ಜಿ ಏಳುವುದರೊಳಗೆ ಕುಡಿಕೆ ಮೂಲೆಯ ಸಿಂಬಿಯ ಮೇಲೆ ಇರುತ್ತಿತ್ತು. ಮೊಸರು ಮತ್ತೆ ಕಟ್ಟಿತು. ಮುನಿಯಮ್ಮನಿಗೆ ಮಂಗಳವಾರದಿಂದ ಭಾನುವಾರದವರೆಗೆ ಹೆಪ್ಪು ಸಿಕ್ಕಿತು. ಅಜ್ಜಿ ಹಸುವಿನ ಬೆನ್ನು ತಟ್ಟಿದಳು. ಅಮ್ಮನಿಗೆ ಮಾತ್ರ, ಈಗ ಮನಸಿಟ್ಟು ಕಾಯ್ಸ್ತಿದ್ದೀಯ ಕಣಮ್ಮ ಎಂದು ಒಂದು ಮಾತು ಹೇಳಿದಳು. ಅಮ್ಮ ಹೂಂ ಅಂದಳು.

ಹುಳು ಹಣ್ಣಾಗುವ ದಿನ ಬಂತು. ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಯಾಗಿ ಹೊಳೆಯುತ್ತಾ, ಹುಳುಗಳು ತಲೆ ಎತ್ತಿ ಜಾಗ ಹುಡುಕತೊಡಗಿದಾಗ ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ಚಾಪೆಗೆ, ಬಿಡಬೇಕು. ಅವತ್ತು ಮನೆಮಂದಿಗೆಲ್ಲ ಬೆನ್ನು ನೆಟ್ಟಗಾಗಲಿಲ್ಲ. ಆ ಸಂಜೆಯೂ ಅಮ್ಮ ಮರೆಯದೆ ಕುಡಿಕೆಯನ್ನು ಒಳಗೆ ಸೇರಿಸಿದಳು. ಬೆಳಗ್ಗೆ ಮಬ್ಬಿನಲ್ಲೇ ಹೊರಗೂ ತಂದಳು. ತಿಂಡಿಯ ಹೊತ್ತಿಗೆ ಎಲ್ಲರೂ ಕೂತಿದ್ದೆವು. ಅಜ್ಜಿ ಬಾಗಿಲ ಬೆಳಕಿಗೆ ಕುಡಿಕೆ ತಂದು, ಬಟ್ಟೆ ಬಿಚ್ಚಲು ಕೈ ಹಾಕಿ, ನಿಲ್ಲಿಸಿದಳು. ಕುಡಿಕೆಯ ಕಂಠಕ್ಕೂ ಬಟ್ಟೆ ಕಟ್ಟಿದ ದಾರಕ್ಕೂ ನಡುವೆ ಒಂದು ಹಳದಿ ಗೂಡು. ಇನ್ನೂ ತೆಳ್ಳಗಿತ್ತು. ಒಳಗೆ ಹುಳು ತಲೆಯನ್ನು ಅತ್ತಿತ್ತ ಆಡಿಸುತ್ತಾ ನೂಲು ಬಿಡುತ್ತಿರುವುದು ಕಾಣುತ್ತಿತ್ತು.

ಅಮ್ಮನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಅಪ್ಪ ಏನೋ ಹೇಳಲು ಬಾಯಿ ತೆರೆದವನು ಅಮ್ಮನ ಮುಖ ನೋಡಿ ಮುಚ್ಚಿದ. ಅಜ್ಜಿ ಗೂಡನ್ನು ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ತನ್ನ ಕಿರುಬೆರಳನ್ನು ನೋಡಿಕೊಂಡಳು.

"ಯಾವ ಹುಳಾನೋ ಏನೋ. ಅಷ್ಟು ದೊಡ್ಡ ಚಂದ್ರಿಕೆ ಬಿಟ್ಟು ನನ್ನ ಕುಡಿಕೆ ಹುಡುಕ್ಕೊಂಡು ಬಂದೈತೆ."

ಗೂಡನ್ನು ಹರಿಯದಂತೆ ಉಗುರಿನಿಂದ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು.

"ಹೋಗಮ್ಮ, ಚಂದ್ರಿಕೆ ಮೇಲೆ ಇಟ್ಟು ಬಾ. ಕಟ್ಟೋದನ್ನ ಅರ್ಧಕ್ಕೆ ನಿಲ್ಲಿಸ್ಬಾರ್ದು."

ನಾನು ಹಿಂತಿರುಗುವಾಗ ಅಜ್ಜಿ ಮೊಸರು ಬಡಿಸುತ್ತಿದ್ದಳು. ಮೊದಲ ಸೌಟು ಅಮ್ಮನ ತಟ್ಟೆಗೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಅಮ್ಮನಿಗೆ ಮೊದಲು ಬಡಿಸಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವತ್ತು ಸಂಜೆ ಅಜ್ಜಿ ಎಂದಿನಂತೆ ಹೆಪ್ಪು ಹಾಕಿ, ಬಟ್ಟೆ ಕಟ್ಟಿ, ಕಾಲು ತೊಳೆದುಕೊಂಡು, ಕುಡಿಕೆ ಹಿಡಿದು ತಾನೇ ಹುಳುಮನೆಯ ಹೊಸಲ ಮುಂದೆ ನಿಂತಳು.

"ಸರೋಜಾ, ಬಾಗ್ಲು ತೆಗಿಯಮ್ಮ. ಕೈ ತುಂಬೈತೆ."

ಅಮ್ಮ ತೆಗೆದಳು. ಹುಳು ಉಣ್ಣುವ ಮನೆಯ ಕಟ್ಟಳೆ ಅವತ್ತಿಗೆ ಮುಗಿಯಿತು. ಇಬ್ಬರೂ ಅದರ ಬಗ್ಗೆ ಮುಂದೆ ಒಂದು ಮಾತೂ ಆಡಲಿಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ಬಾಯಿಬಿಡದೆ ಮುಚ್ಚುವುದೇ ದೊಡ್ಡ ಮರ್ಯಾದೆ ಎಂದು ನಾನು ಕಲಿತದ್ದು ಅಲ್ಲಿ. ಹಾಸ್ಟೆಲಿನಲ್ಲಿ ಎಷ್ಟೋ ಹುಡುಗಿಯರ ಎಷ್ಟೋ ಸಂಗತಿಗಳನ್ನು ನಾನು ಹಾಗೆಯೇ ಮುಚ್ಚಿದ್ದೇನೆ. ಆದರೆ ಅಜ್ಜಿ ತೀರಿಹೋದ ಮೇಲೆ ಒಂದು ಸಲ, ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಅಮ್ಮ ಹೇಳಿದ ಮಾತೂ ನನ್ನ ಜೊತೆಗೇ ಇತ್ತು.

"ಬೆರಳಿಗೆ ಗೊತ್ತಾಗ್ತಿಲ್ಲ ಕಣಮ್ಮ ಅಂತ ಒಂದೇ ಒಂದು ಸಲ ನಿಮ್ಮಜ್ಜಿ ಅಂದಿದ್ರೆ, ನಾನು ಪಕ್ಕದಲ್ಲಿ ಕೂತು ನನ್ನ ಬೆರಳು ಅದ್ದುತಿದ್ದೆ. ಇಬ್ಬರೂ ಜೊತೇಲಿ ಕೂತಿರಬಹುದಿತ್ತು."

ಧನುರ್ಮಾಸದ ಆ ಭಾನುವಾರ ಯುಪಿಎಸ್ ಮುಂದೆ ನಿಂತು ನನ್ನ ಕಿರುಬೆರಳನ್ನು ನಾನು ನೋಡಿಕೊಂಡೆ. ಸಕ್ಕರೆ ಕಾಯಿಲೆ ಬಂದ ಮೇಲೆ ಬೆರಳ ತುದಿಗಳಿಗೆ ಹತ್ತಿ ಸುತ್ತಿದ ಹಾಗಾಗಿದೆ. ಡಾಕ್ಟರಿಗೆ ಹೇಳಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಪಾತ್ರೆಯನ್ನು ಕಟ್ಟೆಗೆ ಹಿಂತಿರುಗಿಸಿದೆ. ಶೋಭಾ ಎದ್ದು ಬಂದಾಗ ಕಾಫಿ ಕೊಟ್ಟು, ಸಂಜೆ ಬಜಾರಿಗೆ ಹೋಗಬೇಕು, ಮೊಸರಿನ ಮಿಷನ್ ನೋಡಣ ಎಂದೆ. ಅವಳು ಲೋಟ ಕೆಳಗಿಟ್ಟಳು.

"ಅಯ್ಯೋ, ಏನಾಯ್ತತ್ತೆ? ಮೊಸರು ಕೆಟ್ಟಿದೆಯಾ?"

"ಬಂಗಾರದಂಗೆ ಬಂದಿದೆ. ಅದಕ್ಕೇ."

ಶೋಭಾ ಗೌರಿಬಿದನೂರಿನ ಕಡೆಯವಳು, ತೆಲುಗು ಮನೆಯ ಮಗಳು. ಗಾಬರಿಯಾದರೆ ತೆಲುಗು ಬರುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಮೋಹನನಿಗೆ "ಏಮೈಂದಿ ಈವಿಡಕಿ?" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಈವಿಡ ಅಂದರೆ ನಾನು. ನನಗೆ ಏನೂ ಆಗಿಲ್ಲ, ಸ್ನಾನ ಮುಗಿಸಿ ಎಂದೆ.

ಅಂಗಡಿಯಲ್ಲಿ ಬಾಬು ಎಂಬ ಹುರುಪಿನ ಯುವಕ ಒಂದು ಸಾಲು ಡಬ್ಬಗಳನ್ನು ಮೇಜಿನ ಮೇಲೆ ಜೋಡಿಸಿದ. ಮೊದಲಿನದರಲ್ಲಿ ಪುಟ್ಟ ಪುಟ್ಟ ಗಾಜಿನ ಬಟ್ಟಲುಗಳು.

"ಇದು ಲೇಟೆಸ್ಟ್ ಅಮ್ಮ. ಒಬ್ಬೊಬ್ಬರಿಗೆ ಒಂದೊಂದು ಕಪ್. ಜಗಳಾನೇ ಇಲ್ಲ."

"ನಮ್ಮನೇಲಿ ಮೊಸರನ್ನ ಸೌಟಲ್ಲಿ ಬಡಿಸ್ತೀವಿ. ದೊಡ್ಡ ಪಾತ್ರೆದು ತೋರ್ಸಪ್ಪ."

ಎರಡನೆಯದರ ಒಳಪಾತ್ರೆ ಪ್ಲಾಸ್ಟಿಕ್. ಮೊಸರಿನ ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಹಳೆಯ ಹುಳಿ ಉಳಿದುಬಿಡುತ್ತದೆ, ಬೇಡ ಎಂದೆ. ಮೂರನೆಯದರಲ್ಲಿ ಗುಂಡಿಗಳೇ ಗುಂಡಿಗಳು. ಇದರಲ್ಲಿ ಇಡ್ಲಿ ಹಿಟ್ಟು ಹುದುಗಿಸಬಹುದು, ಕಾಳು ಮೊಳಕೆ ಬರಿಸಬಹುದು ಎಂದ. ಒಂದು ಕೆಲಸಕ್ಕೆ ತಂದದ್ದು ಒಂದೇ ಕೆಲಸ ಮಾಡಲಿ ಎಂದೆ. ಶೋಭಾ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನಾನು ಹಾಸ್ಟೆಲಿಗೆ ಅಕ್ಕಿ ತೆಗೆದುಕೊಳ್ಳುವಾಗ ಕೇಳಿದ ಹಾಗೆ ಒಂದೊಂದೇ ಕೇಳಿದೆ. ಹಾಲನ್ನು ಇದೇ ಕಾಯಿಸುತ್ತದೆಯೆ? ಇಲ್ಲ, ಕಾಯಿಸಿ ಆರಿಸಿ ಹಾಕಬೇಕು. ಹೆಪ್ಪು? ಅದನ್ನೂ ನೀವೇ ಹಾಕಬೇಕು. ಮತ್ತೆ ಇದು ಮಾಡುವುದೇನು?

"ಬೆಚ್ಚಗೆ ಇಟ್ಕೊಳುತ್ತೆ ಅಷ್ಟೇ ಅಮ್ಮ. ಆದ ಮೇಲೆ ತಾನೇ ಆಫ್ ಆಗುತ್ತೆ."

ಅಂದರೆ ಹುಳುಮನೆ. ಕುಂಪಟಿ ಒಂದು ಡಬ್ಬದೊಳಗೆ ಸೇರಿಕೊಂಡಿದೆ, ಅಷ್ಟೆ. ನನಗೆ ಥಟ್ಟನೆ ಆ ಯಂತ್ರದ ಮೇಲೆ ಗೌರವ ಬಂತು. ಒಳಗೆ ಸ್ಟೀಲ್ ಪಾತ್ರೆ, ಎತ್ತಲು ಎರಡು ಹಿಡಿ, ಒಂದೇ ಒಂದು ಗುಂಡಿ, ಕಟ್ಟೆಯ ಪ್ಲಗ್ಗಿಗೆ ಮುಟ್ಟುವಷ್ಟು ಉದ್ದದ ವೈರ್ ಇದ್ದದ್ದನ್ನು ಆರಿಸಿದೆ. ಬಾಬು ಚೀಲಕ್ಕೆ ಹಾಕುತ್ತಾ ಕಡ್ಡಿಯಂಥ ಇನ್ನೊಂದು ವಸ್ತು ತೆಗೆದ.

"ಇದೂ ತಗೊಳಿ ಅಮ್ಮ, ಥರ್ಮಾಮೀಟರ್. ಹಾಲು ಎಷ್ಟು ಬಿಸಿ ಅಂತ ಕರೆಕ್ಟಾಗಿ ತೋರಿಸುತ್ತೆ."

"ಅದು ನಮ್ಮನೇಲಿದೆ."

ಶೋಭಾ ನನ್ನ ಮುಖ ನೋಡಿದಳು. ಮನೆಯಲ್ಲಿ ಅಂಥದ್ದು ಇಲ್ಲವೆಂದು ಅವಳಿಗೆ ಗೊತ್ತು. ಆಟೋದಲ್ಲಿ ಬರುವಾಗ ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡಳು.

ಸಂಜೆ ದೀಪ ಹಚ್ಚಿಯಾಯಿತು. ಹಾಲು ಕಾಯಿಸಿ ಆರಲು ಇಟ್ಟೆ. ಯಂತ್ರದ ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆದು ಒರೆಸಿದೆ. ಊಟದ ತಟ್ಟೆಗಳನ್ನು ಜೋಡಿಸುತ್ತಿದ್ದ ಶೋಭಾಳನ್ನು ಕರೆದೆ.

"ಬಾರಮ್ಮ ಇಲ್ಲಿ. ನನ್ನ ಬೆರಳಿಗೆ ಬಿಸಿ ಗೊತ್ತಾಗ್ತಿಲ್ಲ. ನಿನ್ನ ಕಿರುಬೆರಳು ಅದ್ದು."

ಅವಳು ಹಾಗೇ ನಿಂತಳು. ಕಿವಿಯವರೆಗೆ ಕೆಂಪಾದಳು.

"ಅತ್ತೆ, ಅದು... ಯುಪಿಎಸ್ ಮೇಲೆ..."

"ಗೊತ್ತು. ಇಷ್ಟು ದಿನ ಹೊತ್ತಿದ್ದೀಯ, ಸಾಕು. ಈಗ ಕೂತ್ಕೊಂಡು ಮಾಡಣ. ಕೈ ತೊಳ್ಕೊಂಡು ಬಾ. ಬೆರಳು ಹಾಯ್ ಅನ್ಬೇಕು, ಹಾ ಅನ್ಬಾರ್ದು."

ಅವಳು ಕೈ ತೊಳೆದು ಬಂದು ಬೆರಳು ಅದ್ದಿದಳು. ಹಾ ಅಂದಳು. ಕಾದೆವು. ಅವಳ ಅಮ್ಮನ ಮನೆಯಲ್ಲಿ ಹೆಪ್ಪಿಗೆ ತೋಡು ಅನ್ನುತ್ತಾರಂತೆ, ಜೊತೆ ಎಂದೂ ಅರ್ಥವಂತೆ. ಮೋಹನ ಮೂರನೇ ಸಲ ಬಂದು ಊಟ ಯಾವಾಗ ಎಂದು ಕೇಳಿದ. ಹಾಲು ಹೇಳಿದಾಗ ಎಂದೆವು. ಮತ್ತೆ ಅದ್ದಿದಳು.

"ಹಾಯ್ ಅಂತು ಅತ್ತೆ."

ಹಿಂದಿನ ದಿನದ ಮೊಸರಿನಿಂದ ಒಂದು ಚಮಚ ತೆಗೆದು ಬಿಟ್ಟು, ಎಡದಿಂದ ಬಲಕ್ಕೆ ನಾನು ತಿರುಗಿಸಿದೆ. ಮುಚ್ಚಳ ಹಾಕಿ ಅವಳು ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಊಟವಾಯಿತು, ಪಾತ್ರೆಗಳಾದವು. ಕೊನೆಗೆ ಒಂದು ಒಣಬಟ್ಟೆ ತೆಗೆದುಕೊಂಡು ನಡುಮನೆಯ ಬಾಗಿಲ ಹಿಂದೆ ಹೋದೆ.

"ಅಮ್ಮಾ, ಶಾಕ್ ಹೊಡೆಯುತ್ತೆ!" ಎಂದು ಮೋಹನ ಕೂಗಿದ.

"ನಿನ್ನ ಹೆಂಡ್ತಿಗೆ ಇಷ್ಟು ದಿನ ಹೊಡೆದಿಲ್ಲ," ಎಂದು ಯುಪಿಎಸ್ ಮೇಲಿನ ಧೂಳನ್ನೂ ದುಂಡಗಿನ ಅಚ್ಚನ್ನೂ ಒರೆಸಿ, ಬಟ್ಟೆ ಕೊಡವಿ, ಅಡುಗೆಮನೆಯ ಮೊಳೆಗೆ ತೂಗುಹಾಕಿದೆ.